ಪುನರ್ಪುಳಿಗೆ ನ್ಯಾನೋ ಬೇಕಾ, ಅರಿಶಿನಕ್ಕೆ ಬೇಕಾ? ಆಂಟಿಆಕ್ಸಿಡೆಂಟ್ ಪುಡಿ ಮಾಡುವ ದಾರಿಗಳ ಹೋಲಿಕೆ

ಹಣ್ಣಿನ ಬಣ್ಣ, ಬೇರಿನ ಸಾರ, ಸೊಪ್ಪಿನ ಆಂಟಿಆಕ್ಸಿಡೆಂಟ್ ಇವನ್ನೆಲ್ಲ ಪುಡಿ ಮಾಡಿ ಮಾರಬೇಕು ಅಂತ ಹೊರಟವರು ಮೊದಲು ಕೇಳುವುದು "ಯಾವ ಮಷೀನ್ ತಗೊಳ್ಳೋದು?" ಅಂತ. ಅದರ ಹಿಂದೆಯೇ ಬರುವ ಪ್ರಶ್ನೆ: "ನ್ಯಾನೋ ಮಾಡಿಸಿದ್ರೆ ರೇಟು ಜಾಸ್ತಿ ಸಿಗುತ್ತಂತೆ, ಹೌದಾ?" ಎರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ಗೊತ್ತಾಗಬೇಕಾದ್ದು ಬೇರೆ ಎರಡು ವಿಷಯ. ನಿಮ್ಮ ಪದಾರ್ಥ ನೀರಲ್ಲಿ ಕರಗುತ್ತದಾ, ಎಣ್ಣೆಯಲ್ಲಿ ಕರಗುತ್ತದಾ? ಆ ಪುಡಿ ಕೊನೆಗೆ ಹೋಗಿ ಬೀಳುವುದು ಯಾವ ತಿನಿಸಿಗೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೀರಲ್ಲಿ ಕರಗುವ ಪದಾರ್ಥಕ್ಕೆ ನ್ಯಾನೋ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುವಷ್ಟು ಸಣ್ಣ ಹನಿ, ಕಣ ಮಾಡುವುದು) ಹೆಚ್ಚುಕಡಿಮೆ ದಂಡ. ಒಳ್ಳೆಯ ಹೊದಿಕೆ (ಪದಾರ್ಥವನ್ನು ಸುತ್ತಿ ಕಾಪಾಡುವ ಪಿಷ್ಟ, ಗೋಂದಿನಂಥದ್ದು) ಹಾಕಿ, ರಸವನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುವ ಸಾಮಾನ್ಯ ಸ್ಪ್ರೇ ಡ್ರೈಯರ್‌ನಲ್ಲಿ ಒಣಗಿಸಿ, ತೇವ ತಾಗದ ಪೊಟ್ಟಣದಲ್ಲಿ ಹಾಕಿದರೆ ಮುಗಿಯಿತು. ಎಣ್ಣೆಯಲ್ಲಿ ಮಾತ್ರ ಕರಗುವ ಪದಾರ್ಥವನ್ನು ನೀರಿನಂಥ ಪಾನೀಯಕ್ಕೆ ಸೇರಿಸಬೇಕಾದಾಗ ನ್ಯಾನೋಗೆ ನಿಜವಾದ ಕೆಲಸ ಇದೆ. ಎರಡು ಉದಾಹರಣೆ ಇಟ್ಟುಕೊಂಡು ನೋಡೋಣ: ನೀರಿನ ಕಡೆಯಿಂದ ಪುನರ್ಪುಳಿಯ ಕೆಂಪು, ಎಣ್ಣೆಯ ಕಡೆಯಿಂದ ಅರಿಶಿನದ ಕರ್ಕ್ಯುಮಿನ್.

ಎರಡು ಸರಕು, ಎರಡು ಸ್ವಭಾವ

ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಉತ್ತರ ಕನ್ನಡದ ಕಡೆ ಮುರುಗಲು, ಪೇಟೆಯಲ್ಲಿ ಕೋಕಂ. ಇದರ ಸಿಪ್ಪೆಯ ಕೆಂಪಿಗೆ ಕಾರಣ ಆಂಥೋಸಯಾನಿನ್. ಮುಖ್ಯವಾಗಿ ಸಯಾನಿಡಿನ್‌ಗೆ ಸಕ್ಕರೆ ಅಂಟಿಕೊಂಡ ಎರಡು ರೂಪಗಳು. ನೀರಲ್ಲಿ ಸಲೀಸಾಗಿ ಕರಗುತ್ತವೆ. ಇದರ ತೊಂದರೆ ಬೇರೆ. ಪಿಎಚ್ (ಹುಳಿ-ಕ್ಷಾರದ ಅಳತೆ, ಕಡಿಮೆ ಇದ್ದಷ್ಟು ಹುಳಿ) 3ರ ಕೆಳಗೆ ಕೆಂಪು ಹೊಳೆಯುತ್ತದೆ. 4-5ರ ಹತ್ತಿರ ಬಣ್ಣ ಮಂಕಾಗಿ ಸುಮಾರಾಗಿ ಮಾಯವಾಗುತ್ತದೆ. ಅದರಾಚೆ ನೇರಳೆ, ನೀಲಿ ಕಡೆಗೆ ತಿರುಗಿ, ಕ್ಷಾರ ಜಾಸ್ತಿಯಾದರೆ ಅಣುವೇ ಒಡೆದುಹೋಗುತ್ತದೆ. ಬಿಸಿ, ಬೆಳಕು, ಗಾಳಿ ಯಾವುದೂ ಇದಕ್ಕೆ ಆಗಿಬರುವುದಿಲ್ಲ.

ಇಲ್ಲಿ ಒಂದು ಮಾತು. ಆರೋಗ್ಯಕ್ಕೆ ಒಳ್ಳೆಯದು ಅಂತ ಎಷ್ಟೋ ಜನ ಇದಕ್ಕೆ ವಿಟಮಿನ್ ಸಿ ಬೆರೆಸುತ್ತಾರೆ. ಆಂಥೋಸಯಾನಿನ್ ಜೊತೆ ವಿಟಮಿನ್ ಸಿ ಇದ್ದರೆ ಎರಡೂ ಬೇಗ ಹಾಳಾಗುತ್ತವೆ. ಬಣ್ಣ ಮುಖ್ಯ ಅಂತಾದರೆ ಆ ಆಸೆ ಬಿಡಿ.

ಕರ್ಕ್ಯುಮಿನ್ ಇದಕ್ಕೆ ಪೂರಾ ಉಲ್ಟಾ. ನೀರಲ್ಲಿ ಕರಗುವುದೇ ಇಲ್ಲ ಅಂದರೂ ನಡೆಯುತ್ತದೆ. ಶುದ್ಧ ಕರ್ಕ್ಯುಮಿನ್ ಪುಡಿಯನ್ನು ಒಂದು ಲೋಟ ತಣ್ಣೀರಿಗೆ ಹಾಕಿ ಕಲಕಿ ನೋಡಿ. ಸ್ವಲ್ಪ ಮೇಲೆ ತೇಲುತ್ತದೆ, ಸ್ವಲ್ಪ ಲೋಟದ ಗೋಡೆಗೆ ಹಳದಿ ಗೆರೆಯಾಗಿ ಅಂಟುತ್ತದೆ, ಉಳಿದದ್ದು ತಳ ಸೇರುತ್ತದೆ. ನೀರು ಮಾತ್ರ ಹೆಚ್ಚುಕಡಿಮೆ ನೀರಾಗಿಯೇ ಇರುತ್ತದೆ. ಹುಳಿಯಲ್ಲಿ ಇದು ಗಟ್ಟಿ. ಆದರೆ ಕರಗಿದ ಸ್ಥಿತಿಯಲ್ಲಿ, ಮೈಯ ಬಿಸಿಯಲ್ಲಿ, ಪಿಎಚ್ 7ರ ಆಸುಪಾಸಿನ ಬರೀ ಬಫರ್ ನೀರಿನಲ್ಲಿ (ಪಿಎಚ್ ಬದಲಾಗದಂತೆ ಲವಣ ಬೆರೆಸಿದ ನೀರು) ಅರ್ಧ ಗಂಟೆಯೊಳಗೆ ಬಹುಪಾಲು ಒಡೆದುಹೋಗುತ್ತದೆ. ಬಿಸಿಲು ಕಂಡರಂತೂ ಬಣ್ಣ ಹಾರುತ್ತದೆ.

ಪುನರ್ಪುಳಿಯ ಬಣ್ಣವನ್ನು ಕಾಪಾಡಬೇಕು. ಕರ್ಕ್ಯುಮಿನ್ ಅನ್ನು ಕಾಪಾಡಿದರೆ ಸಾಲದು, ನೀರಿನೊಳಗೆ ಇಳಿಸಬೇಕು. ಮುಂದಿನ ಆಯ್ಕೆಗಳೆಲ್ಲ ಇದರ ಮೇಲೆ ನಿಂತಿವೆ.

"ನ್ಯಾನೋ ಪುಡಿ" ಒಳಗೆ ಏನಿರುತ್ತದೆ

ಪೊಟ್ಟಣದ ಮೇಲೆ ನ್ಯಾನೋ ಅಂತ ಬರೆದಿದ್ದರೂ ಕೈಗೆ ಸಿಗುವ ಪುಡಿಯ ಕಣ ನ್ಯಾನೋ ಗಾತ್ರದ್ದಲ್ಲ. ಮೊದಲು ದ್ರವದಲ್ಲಿ 100-200 ನ್ಯಾನೋಮೀಟರ್‌ನ ಹನಿಗಳನ್ನೋ ಪ್ರೋಟೀನ್ ಕಣಗಳನ್ನೋ ಮಾಡುತ್ತಾರೆ. ಆಮೇಲೆ ಆ ದ್ರವವನ್ನು ಹೊದಿಕೆಯ ಜೊತೆ ಒಣಗಿಸುತ್ತಾರೆ. ಒಣಗಿದಾಗ ಬರುವ ಕಣ 10ರಿಂದ 50 ಮೈಕ್ರೋಮೀಟರ್ ಇರುತ್ತದೆ. ಅದರ ಹೊಟ್ಟೆಯಲ್ಲಿ ಸಾವಿರಾರು ನ್ಯಾನೋ ಹನಿಗಳು ಹೂತಿರುತ್ತವೆ. ನೀರಿಗೆ ಹಾಕಿದಾಗ ಹೊದಿಕೆ ಕರಗಿ ಅವು ಮತ್ತೆ ಹೊರಗೆ ಬರಬೇಕು.

ಬರಬೇಕು ಅಂದೆ. ಎಲ್ಲವೂ ಬರುವುದಿಲ್ಲ. ಒಣಗುವಾಗ ಹನಿಗಳು ಒಂದಕ್ಕೊಂದು ಸೇರಿ ದಪ್ಪಗಾಗಿಬಿಟ್ಟರೆ ಮೊದಲು ಮಾಡಿದ ನ್ಯಾನೋ ಕೆಲಸವೆಲ್ಲ ನೀರುಪಾಲು. ಹಾಗಾಗಿ ಯಾರಾದರೂ "ನಮ್ಮ ಕಣ 120 ನ್ಯಾನೋಮೀಟರ್" ಅಂತ ವರದಿ ತೋರಿಸಿದರೆ, ಒಣಗಿಸುವ ಮುಂಚೆ ಅಳೆದದ್ದಾ, ಪುಡಿಯನ್ನು ಮತ್ತೆ ನೀರಿಗೆ ಹಾಕಿ ಅಳೆದದ್ದಾ ಅಂತ ಕೇಳಿ. ನಿಮಗೆ ಬೇಕಾದ್ದು ಎರಡನೆಯದು.

ಗಾತ್ರದ ಗಡಿಯಲ್ಲೂ ಗೊಂದಲ ಇದೆ. ಯುರೋಪಿನ ಆಹಾರ ಕಾನೂನು ಸುಮಾರು 100 ನ್ಯಾನೋಮೀಟರ್ ಇಲ್ಲವೇ ಅದಕ್ಕಿಂತ ಕಡಿಮೆ ಅನ್ನುತ್ತದೆ. ಸಂಶೋಧನಾ ಲೇಖನಗಳಲ್ಲಿ 1000ದವರೆಗೂ ನ್ಯಾನೋ ಅಂತ ಬರೆಯುತ್ತಾರೆ. ಮಾರುವವರು ತಮಗೆ ಅನುಕೂಲ ಆದದ್ದನ್ನು ಹಿಡಿದುಕೊಳ್ಳುತ್ತಾರೆ, ಅಷ್ಟೇ.

ಒಣಗಿಸುವ ದಾರಿ: ಸ್ಪ್ರೇನಾ, ಫ್ರೀಜಾ?

ಸ್ಪ್ರೇ ಡ್ರೈಯರ್‌ನಲ್ಲಿ ಒಳಗೆ ಹೋಗುವ ಗಾಳಿ 150-180 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಇದನ್ನು ಕೇಳಿಯೇ "ಅಯ್ಯೋ, ಆಂಟಿಆಕ್ಸಿಡೆಂಟ್ ಎಲ್ಲಾ ಸುಟ್ಟುಹೋಗುತ್ತೆ" ಅಂತ ಹೆದರುವವರಿದ್ದಾರೆ. ಹಾಗಾಗುವುದಿಲ್ಲ. ಹನಿಯಲ್ಲಿ ನೀರು ಇರುವಷ್ಟು ಹೊತ್ತು ಆ ನೀರು ಆವಿಯಾಗುತ್ತಾ ಹನಿಯನ್ನು ತಣ್ಣಗಿಡುತ್ತದೆ. ಹೊರಗೆ ಬರುವ ಗಾಳಿ 75-90 ಡಿಗ್ರಿ. ಪುಡಿ ಎದುರಿಸುವ ಬಿಸಿ ಹೆಚ್ಚೆಂದರೆ ಅಷ್ಟು, ಅದೂ ಕೆಲವು ಸೆಕೆಂಡು. ಹಾಗಾಗಿ ಆಪರೇಟರ್ ಕಣ್ಣಿಡಬೇಕಾದ್ದು ಹೊರಗಾಳಿಯ ಮೀಟರಿನ ಮೇಲೆ. ಅದು ಏರಿದರೆ ಬಣ್ಣಕ್ಕೆ ಪೆಟ್ಟು, ಇಳಿದರೆ ಪುಡಿಯಲ್ಲಿ ತೇವ ಉಳಿಯುತ್ತದೆ.

ಹಣ್ಣಿನ ರಸದಲ್ಲಿ ನಿಜವಾದ ತಲೆನೋವು ಅಂಟು. ಒಣಗಿದ ಸಕ್ಕರೆ ಒಂದು ಮಿತಿಯ ಬಿಸಿಯವರೆಗೆ ಗಾಜಿನ ಹಾಗೆ ಗಟ್ಟಿ ಇರುತ್ತದೆ, ಅದು ದಾಟಿದರೆ ಮೆತ್ತಗಾಗಿ ಅಂಟುತ್ತದೆ. ಸಾಮಾನ್ಯ ಸಕ್ಕರೆಗೆ ಆ ಮಿತಿ ಸುಮಾರು 62 ಡಿಗ್ರಿ. ಗ್ಲೂಕೋಸ್‌ಗೆ 31. ಫ್ರಕ್ಟೋಸ್‌ಗೆ ಬರೀ 5. ಹಣ್ಣಿನ ಹುಳಿಗಳಿಗೂ ಕಡಿಮೆಯೇ. ಸ್ವಲ್ಪ ತೇವ ಸೇರಿದರೆ ಇವೆಲ್ಲ ಇನ್ನೂ ಕೆಳಗಿಳಿಯುತ್ತವೆ. ಡ್ರೈಯರ್ ಒಳಗೆ 80 ಡಿಗ್ರಿ ಇದ್ದರೆ ಏನಾಗಬಹುದು, ನೀವೇ ಊಹಿಸಿ. ಬಾಗಿಲು ತೆಗೆದು ನೋಡಿದರೆ ಗೋಡೆ ತುಂಬ ಕೆಂಪು ಮೇಣದಂಥ ಪದರ. ಸೈಕ್ಲೋನ್‌ನ (ಗಾಳಿಯಿಂದ ಪುಡಿಯನ್ನು ಬೇರ್ಪಡಿಸುವ ಆಲಿಕೆಯಂಥ ಭಾಗ) ಕೆಳಗಿನ ಬಾಟಲಿಯಲ್ಲಿ ಒಂದು ಹಿಡಿ ಪುಡಿ. ರಬ್ಬರ್ ಸುತ್ತಿಗೆಯಿಂದ ಹೊರಗಿನಿಂದ ಎಷ್ಟು ತಟ್ಟಿದರೂ ಉದುರುವುದಿಲ್ಲ. ಕೊನೆಗೆ ಬಿಸಿನೀರು ಬಿಟ್ಟು ತೊಳೆಯಬೇಕು, ಅಂದರೆ ಮಾಲೆಲ್ಲ ಮೋರಿಗೆ.

ಇದಕ್ಕೇ ಪುನರ್ಪುಳಿ ಸಿರಪ್ಪನ್ನು ತಂದು ಪುಡಿ ಮಾಡಿಕೊಡಿ ಅಂದರೆ ಆಗುವುದಿಲ್ಲ. ಸಿಪ್ಪೆಗೆ ಸಕ್ಕರೆ ತುಂಬಿ ಇಟ್ಟ ಆ ಸಿರಪ್ಪಿನಲ್ಲಿ, ಹುಳಿಯ ಜೊತೆ ದಿನಗಟ್ಟಲೆ ಇದ್ದ ಸಕ್ಕರೆ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದಿರುತ್ತದೆ. 62ರ ಜಾಗದಲ್ಲಿ 31 ಮತ್ತು 5 ಬಂದು ಕೂತವು ಅಂತ ಲೆಕ್ಕ. ಉಪ್ಪು ಹಾಕಿದ ಸಿಪ್ಪೆಯೂ ಬೇಡ. ಉಪ್ಪು, ಸಕ್ಕರೆ ಸೋಕದ ಸಿಪ್ಪೆಯನ್ನು ಕುಡಿಯುವ ನೀರಿನಲ್ಲಿ ನೆನೆಸಿ, ಸೋಸಿ ತೆಗೆದ ರಸವೇ ಇದಕ್ಕೆ ಸರಿ. ಪಾತ್ರೆ ಸ್ಟೀಲಿನದೇ ಇರಲಿ. ಕಬ್ಬಿಣ ಸೋಕಿದರೆ ಬಣ್ಣ ಕಪ್ಪಿಡುತ್ತದೆ.

ಫ್ರೀಜ್ ಡ್ರೈಯಿಂಗ್‌ನಲ್ಲಿ ಈ ಅಂಟಿನ ಕಾಟ ಕಡಿಮೆ. ರಸವನ್ನು ಮೈನಸ್ 40ರ ಹತ್ತಿರ ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜು ನೇರವಾಗಿ ಆವಿಯಾಗುವಂತೆ ಮಾಡುತ್ತಾರೆ. ಬಣ್ಣ ಚೆನ್ನಾಗಿ ಉಳಿಯುತ್ತದೆ. ಆದರೆ ಒಂದು ಬ್ಯಾಚಿಗೆ ಒಂದೆರಡು ದಿನ ಬೇಕು. ಕರೆಂಟು, ಮಷೀನ್ ಎರಡೂ ಸೇರಿ ಕಿಲೋಗೆ ಬೀಳುವ ಖರ್ಚು ಸ್ಪ್ರೇಗಿಂತ ಹಲವು ಪಟ್ಟು. ಇನ್ನೊಂದು ತೊಂದರೆಯನ್ನು ಯಾರೂ ಮೊದಲು ಹೇಳುವುದಿಲ್ಲ. ಮಂಜು ಇದ್ದ ಜಾಗವೆಲ್ಲ ತೂತಾಗಿ ಉಳಿಯುವುದರಿಂದ ಪುಡಿ ಸ್ಪಂಜಿನ ಹಾಗೆ ಇರುತ್ತದೆ. ಆ ತೂತುಗಳಲ್ಲಿ ಗಾಳಿ, ತೇವ ಎರಡೂ ಸರಾಗವಾಗಿ ಒಳಗೆ ಹೋಗುತ್ತವೆ. ಒಣಗಿಸುವಾಗ ಉಳಿಸಿಕೊಂಡ ಬಣ್ಣವನ್ನು ಮಳೆಗಾಲದ ಮಂಗಳೂರಿನಲ್ಲಿ ಪೊಟ್ಟಣ ತೆರೆದ ಮೇಲೆ ಕಳೆದುಕೊಳ್ಳುವುದು ಹೀಗೆ.

ನ್ಯಾನೋ ಎಮಲ್ಷನ್‌ಗೆ (ನೀರಿನಲ್ಲಿ ಎಣ್ಣೆಯ ಅತಿ ಸಣ್ಣ ಹನಿ ತೇಲುವ ದ್ರವ) ಫ್ರೀಜಿಂಗ್ ಇನ್ನೂ ಅಪಾಯ. ಮಂಜಿನ ಹರಳು ಬೆಳೆಯುತ್ತಾ ಹನಿಗಳನ್ನೆಲ್ಲ ಒಂದು ಮೂಲೆಗೆ ಒತ್ತುತ್ತದೆ, ಅವು ಒಡೆದು ಒಂದಾಗುತ್ತವೆ. ಟ್ರೆಹಲೋಸ್‌ನಂಥ ಸಕ್ಕರೆ ಹಾಕಿ ಕಾಪಾಡಬೇಕಾಗುತ್ತದೆ. ಹೀಗಾಗಿ ಬೆಲೆ ಬಾಳುವ, ಚಿಕ್ಕ ಪ್ರಮಾಣದ ಸರಕಿಗೆ ಮಾತ್ರ ಫ್ರೀಜ್ ಡ್ರೈ ಯೋಚಿಸಿ.

ಇನ್ನು ನ್ಯಾನೋ ಸ್ಪ್ರೇ ಡ್ರೈಯರ್. ಸ್ವಿಟ್ಜರ್ಲೆಂಡಿನ ಬುಚಿ ಕಂಪನಿ 2009ರಲ್ಲಿ ತಂದ ಮಷೀನ್ ಇದರಲ್ಲಿ ಹೆಸರುವಾಸಿ. 4ರಿಂದ 7 ಮೈಕ್ರೋಮೀಟರ್ ತೂತಿನ ಜಾಲರಿ ಕಂಪಿಸಿ ಮಂಜಿನಂಥ ಹನಿ ಉಗುಳುತ್ತದೆ, ವಿದ್ಯುತ್ತಿನ ಸೆಳೆತದಿಂದ ಪುಡಿಯನ್ನು ಹಿಡಿಯುತ್ತದೆ. ಪುಡಿಯ ಕಣವೇ ಒಂದು ಮೈಕ್ರೋಮೀಟರಿಗಿಂತ ಸಣ್ಣಗೆ ಬರುವುದು ಇಲ್ಲಿ ಸಾಧ್ಯ. ಚೆಂದದ ಮಷೀನು, ಆದರೆ ಪ್ರಯೋಗಾಲಯದ್ದು. ರಸ ತೀರಾ ತೆಳ್ಳಗಿರಬೇಕು, ಜಾಲರಿ ಕಟ್ಟಿಕೊಳ್ಳುತ್ತದೆ, ಸಿಗುವುದು ಗ್ರಾಂ ಲೆಕ್ಕದಲ್ಲಿ. ವಿದ್ಯುತ್ತಿನಿಂದ ಹನಿ ಸಿಡಿಸುವ ಎಲೆಕ್ಟ್ರೋಸ್ಪ್ರೇಯ ಕಥೆಯೂ ಅಷ್ಟೇ. ಪಿಎಚ್‌ಡಿ ಮಾಡುವವರಿಗೆ ಸರಿ, ಅಂಗಡಿ ಇಡುವವರಿಗಲ್ಲ.

ಪುನರ್ಪುಳಿಗೆ ಯಾವ ಹೊದಿಕೆ

ಮೊದಲ ಆಯ್ಕೆ ಮಾಲ್ಟೋಡೆಕ್ಸ್‌ಟ್ರಿನ್. ಪಿಷ್ಟವನ್ನು ಅರ್ಧಕ್ಕೆ ಒಡೆದು ಮಾಡಿದ್ದು. ರುಚಿ ಇಲ್ಲ, ಬಣ್ಣ ಇಲ್ಲ, ಅಗ್ಗ, ಎಲ್ಲ ಕಡೆ ಸಿಗುತ್ತದೆ. ಒಣಗಿದಾಗ ಅದು ಮೆತ್ತಗಾಗುವ ಮಿತಿ 100 ಡಿಗ್ರಿಗಿಂತ ಎಷ್ಟೋ ಮೇಲೆ. ಹಾಗಾಗಿ ರಸದ ಅಂಟನ್ನು ತಡೆಯುತ್ತದೆ. ಕೊಳ್ಳುವಾಗ ಡಿಇ ಎಷ್ಟು ಅಂತ ನೋಡಿ. ಡಿಇ ಜಾಸ್ತಿ ಅಂದರೆ ಪಿಷ್ಟ ಜಾಸ್ತಿ ಒಡೆದಿದೆ, ಅಂಟು ಜಾಸ್ತಿ, ಆದರೆ ಪೊರೆ ದಟ್ಟವಾಗಿ ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ. ಡಿಇ ಕಡಿಮೆ ಅಂದರೆ ಇದರ ಉಲ್ಟಾ. 10ರಿಂದ 20ರ ನಡುವಿನದನ್ನು ಎರಡು ಮೂರು ಚಿಕ್ಕ ಬ್ಯಾಚಿನಲ್ಲಿ ನೋಡಿ ಆರಿಸಿಕೊಳ್ಳಬೇಕು. ಮೈಸೂರಿನ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಪುನರ್ಪುಳಿಯ ಆಂಥೋಸಯಾನಿನ್ ಅನ್ನೇ ಮಾಲ್ಟೋಡೆಕ್ಸ್‌ಟ್ರಿನ್ ಜೊತೆ ಸ್ಪ್ರೇ ಡ್ರೈ ಮಾಡಿ ಲೇಖನ ಪ್ರಕಟಿಸಿದ್ದಾರೆ. ಈ ದಾರಿ ಹಿಡಿಯುವವರು ಮೊದಲು ಅದನ್ನು ಓದುವುದು ಒಳ್ಳೆಯದು.

ಮಾಲ್ಟೋಡೆಕ್ಸ್‌ಟ್ರಿನ್‌ನ ದೋಷ ಏನಂದರೆ ಅದನ್ನು ಧಾರಾಳವಾಗಿ ಹಾಕಬೇಕು. ರಸದಲ್ಲಿ ಎಷ್ಟು ಘನ ಇದೆಯೋ ಅಷ್ಟು, ಎಷ್ಟೋ ಸಲ ಅದಕ್ಕಿಂತ ಜಾಸ್ತಿ. ಅಂದರೆ ಪುಡಿಯಲ್ಲಿ ಅರ್ಧಕ್ಕರ್ಧ ಬೇಗ ಗ್ಲೂಕೋಸ್ ಆಗಿಬಿಡುವ ಪಿಷ್ಟ. ಇಂಥ ಪುಡಿಯ ಮೇಲೆ "ಶುಗರ್ ಇರುವವರಿಗೆ ಒಳ್ಳೆಯದು" ಅಂತ ಬರೆಯುವವರನ್ನು ಕಂಡರೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ.

ಎರಡನೆಯದು ಗಮ್ ಅರೇಬಿಕ್, ಅಕೇಶಿಯಾ ಮರದ ಗೋಂದು. ಬಹುಪಾಲು ಬರುವುದು ಸುಡಾನ್ ಮತ್ತು ಅದರ ಸುತ್ತಲಿನ ದೇಶಗಳಿಂದ. ಅಲ್ಲಿ ಗಲಾಟೆಯಾದರೆ ಇಲ್ಲಿ ರೇಟು ಹಾರುತ್ತದೆ. ಪೊರೆ ಕಟ್ಟುವುದರಲ್ಲಿ ಇದು ಮೇಲು. ಎಣ್ಣೆಯನ್ನೂ ಹಿಡಿಯಬಲ್ಲದು, ಯಾಕೆಂದರೆ ಇದರಲ್ಲಿ ಸ್ವಲ್ಪ ಪ್ರೋಟೀನ್ ಇದೆ. ಆದರೆ ಪುನರ್ಪುಳಿಯಲ್ಲಿ ಎಣ್ಣೆ ಹಿಡಿಯುವ ಕೆಲಸವೇ ಇಲ್ಲ. ಹಾಗಾಗಿ ಪೂರಾ ಗೋಂದು ಹಾಕುವುದು ದುಂದು. ಮಾಲ್ಟೋಡೆಕ್ಸ್‌ಟ್ರಿನ್ ಮುಖ್ಯವಾಗಿಟ್ಟು, ಅದಕ್ಕೆ ಸ್ವಲ್ಪ ಗೋಂದು ಸೇರಿಸಿದರೆ ಸಾಕು. ನಾನಾದರೆ ಇದನ್ನೇ ಆರಿಸುತ್ತೇನೆ. ಗಂಟು ಕಟ್ಟದಿರಲು ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಚೂರು ಹಾಕುವುದುಂಟು.

ಹಾಲಿನ ವ್ಹೇ ಪ್ರೋಟೀನ್ ಸ್ವಲ್ಪ ಹಾಕಿದರೂ ಗೋಡೆಗೆ ಅಂಟುವುದು ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಪ್ರೋಟೀನ್ ಹನಿಯ ಮೇಲ್ಮೈಗೆ ಹೋಗಿ ತೆಳುವಾದ, ಅಂಟದ ಚರ್ಮ ಕಟ್ಟುತ್ತದೆ. ಆದರೆ ಆಮೇಲೆ ಲೇಬಲ್ಲಿನಲ್ಲಿ ಹಾಲು ಇದೆ ಅಂತ ಬರೆಯಬೇಕು. ವೀಗನ್ ಗಿರಾಕಿ ಕೈಬಿಟ್ಟ ಹಾಗೆ.

ಆಂಥೋಸಯಾನಿನ್‌ಗೆ ನ್ಯಾನೋ ಲೈಪೋಸೋಮ್ (ಕೊಬ್ಬಿನ ಪೊರೆಯ ಸಣ್ಣ ಗುಳ್ಳೆ), ಚಿಟೋಸಾನ್ ನ್ಯಾನೋ ಕಣ ಅಂತೆಲ್ಲ ಲೇಖನಗಳು ಬೇಕಾದಷ್ಟಿವೆ. ಹೊಟ್ಟೆಯ ಹುಳಿ ದಾಟಿಸಿ ಕರುಳಿಗೆ ಮುಟ್ಟಿಸುವ ಔಷಧಿ ಥರದ ಉದ್ದೇಶಕ್ಕೆ ಅವು ಸರಿ ಇರಬಹುದು. ಸೋಲ್‌ಕಢಿಗೋ ಶರಬತ್ತಿಗೋ ಬೇಡ. ಆ ಪುಡಿ ಲೋಟದಲ್ಲಿ ಕರಗಿದ ಮರುಕ್ಷಣ ಹೊದಿಕೆ ಹೋಗುತ್ತದೆ. ಬಣ್ಣ ಉಳಿಯುವುದು ಬಿಡುವುದು ಆಮೇಲೆ ಆ ಪಾನೀಯದ ಹುಳಿಯ ಮೇಲೆ. ಶರಬತ್ತು ಹುಳಿ ಇರುವುದರಿಂದ ಕೆಂಪು ನಿಲ್ಲುತ್ತದೆ. ಅದೇ ಪುಡಿಯನ್ನು ಹಾಲಿಗೆ ಹಾಕಿದರೆ ಬೂದು ಮಿಶ್ರಿತ ನೇರಳೆ. ಸೋಡಾ ಪುಡಿ ಹಾಕಿದ ಕೇಕಿಗೆ ಬೆರೆಸಿದರೆ ನೀಲಿ ಹಸಿರು ಛಾಯೆ ಬಂದು ತಿನ್ನುವವರು ಬೂಸ್ಟು ಹಿಡಿದಿದೆ ಅಂದುಕೊಳ್ಳಬಹುದು. ನೀರಲ್ಲಿ ಕರಗುವ ಯಾವ ಹೊದಿಕೆಯೂ ಇದನ್ನು ತಪ್ಪಿಸುವುದಿಲ್ಲ. ಹಾಲಿನ ತಿನಿಸಿಗೆ ಕೆಂಪು ಬೇಕಾದರೆ ಬೀಟ್‌ರೂಟ್ ನೋಡಿ, ಅದರ ಬಣ್ಣ ಹಾಲಿನ ಪಿಎಚ್‌ನಲ್ಲಿ ಬದಲಾಗುವುದಿಲ್ಲ.

ಕರ್ಕ್ಯುಮಿನ್‌ಗೆ ಬಂದಾಗ ಲೆಕ್ಕ ಬೇರೆ

ಇಲ್ಲಿ ಗಟ್ಟಿಯಾಗಿ ನಿಲ್ಲುವ ದಾರಿಗಳು ನಾಲ್ಕು.

ಒಂದು, ಎಣ್ಣೆಯಲ್ಲಿ ಕರಗಿಸಿ ನ್ಯಾನೋ ಎಮಲ್ಷನ್ ಮಾಡಿ ಒಣಗಿಸುವುದು. ಕರ್ಕ್ಯುಮಿನ್ ಅನ್ನು ಎಂಸಿಟಿ ಎಣ್ಣೆಯಲ್ಲಿ (ಸಾಮಾನ್ಯವಾಗಿ ತೆಂಗಿನೆಣ್ಣೆ, ತಾಳೆಯೆಣ್ಣೆಯಿಂದ ಮಾಡಿದ ತೆಳು ಎಣ್ಣೆ) ಕರಗಿಸುತ್ತಾರೆ. ಒಎಸ್‌ಎ ಪಿಷ್ಟವನ್ನೋ (ಎಣ್ಣೆ ಹಿಡಿಯುವಂತೆ ಮಾರ್ಪಡಿಸಿದ ಪಿಷ್ಟ) ಗಮ್ ಅರೇಬಿಕ್ ಅನ್ನೋ ನೀರಿನಲ್ಲಿ ಕರಗಿಸಿ, ಎರಡನ್ನೂ ಒತ್ತಡದಿಂದ ಹನಿ ಒಡೆಯುವ ಹೈ ಪ್ರೆಶರ್ ಹೋಮೋಜಿನೈಸರ್‌ನಲ್ಲಿ 500ರಿಂದ 1500 ಬಾರ್ ಒತ್ತಡದಲ್ಲಿ ಕೆಲವು ಸಲ ಹಾಯಿಸುತ್ತಾರೆ. ಆಮೇಲೆ ಮಾಲ್ಟೋಡೆಕ್ಸ್‌ಟ್ರಿನ್ ಸೇರಿಸಿ ಸ್ಪ್ರೇ. ಹುಳಿ ಪಾನೀಯದಲ್ಲೂ ಇದು ನಿಲ್ಲುತ್ತದೆ, ಯಾಕೆಂದರೆ ಒಎಸ್‌ಎ ಪಿಷ್ಟ, ಗೋಂದು ಎರಡೂ ಹುಳಿಗೆ ಒಡೆಯುವುದಿಲ್ಲ. ಕೈಗಾರಿಕೆಯಲ್ಲಿ ಪಳಗಿದ ದಾರಿ ಇದು.

ಆದರೆ ಇಲ್ಲಿ ಒಂದು ಕೂಡುವ ಕಳೆಯುವ ಲೆಕ್ಕ ಮಾಡಿಕೊಳ್ಳಿ. ಒಂದು ಗ್ರಾಂ ಎಂಸಿಟಿ ಎಣ್ಣೆಯಲ್ಲಿ ಕರಗುವ ಕರ್ಕ್ಯುಮಿನ್ ಕೆಲವೇ ಮಿಲಿಗ್ರಾಂ. ಲೆಕ್ಕಕ್ಕೆ 5 ಅಂದುಕೊಳ್ಳೋಣ. 100 ಗ್ರಾಂ ಪುಡಿಯಲ್ಲಿ 20 ಗ್ರಾಂ ಎಣ್ಣೆ ಇದ್ದರೆ ಅದರಲ್ಲಿ ಕರ್ಕ್ಯುಮಿನ್ 100 ಮಿಲಿಗ್ರಾಂ. ಸಾಮಾನ್ಯ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಬಳಗವೆಲ್ಲ ಸೇರಿ ನೂರಕ್ಕೆ 2ರಿಂದ 5 ಪಾಲು ಇರುತ್ತದೆ. ಅಂದರೆ 100 ಗ್ರಾಂ ಅರಿಶಿನದಲ್ಲಿ 2000 ಮಿಲಿಗ್ರಾಂಗೂ ಜಾಸ್ತಿ. ನಿಮ್ಮ ದುಬಾರಿ ನ್ಯಾನೋ ಪುಡಿಯಲ್ಲಿ ಡಬ್ಬಿಯ ಅರಿಶಿನದ ಇಪ್ಪತ್ತನೇ ಒಂದು ಪಾಲೂ ಇಲ್ಲ. ಪಾನೀಯಕ್ಕೆ ಹಳದಿ ಬಣ್ಣ ಕೊಡಲು ಇಷ್ಟು ಧಾರಾಳ ಸಾಕು. ಮೈಗೆ ಡೋಸು ಸೇರಲಿ ಅನ್ನುವ ಉದ್ದೇಶಕ್ಕೆ ಸಾಲದು.

ಎರಡು, ಹಾಲಿನ ಕೇಸೀನ್. ಇದು ನನಗೆ ತುಂಬ ಇಷ್ಟವಾದ ದಾರಿ. ಹಾಲಿನಲ್ಲಿ ಕೇಸೀನ್ ಸುಮಾರು 150 ನ್ಯಾನೋಮೀಟರ್ ಸರಾಸರಿಯ ಉಂಡೆಗಳಾಗಿ ತೇಲುತ್ತಿರುತ್ತದೆ. ಆ ಉಂಡೆಗಳ ಒಳಗೆ ಎಣ್ಣೆಗೆ ಒಗ್ಗುವ ಜಾಗ ಇದೆ, ಕರ್ಕ್ಯುಮಿನ್ ಹೋಗಿ ಅಲ್ಲಿ ಕೂರುತ್ತದೆ. ಅಜ್ಜಿ ಅರಿಶಿನವನ್ನು ಬಿಸಿ ಹಾಲಿಗೆ ಹಾಕಿ ಕೊಡುತ್ತಿದ್ದದ್ದು ನ್ಯಾನೋ ಎನ್‌ಕ್ಯಾಪ್ಸುಲೇಶನ್ (ಹೊದಿಕೆಯೊಳಗೆ ಕೂರಿಸುವುದು) ಅಂತ ವಾಟ್ಸಾಪಿನಲ್ಲಿ ಹಂಚುವುದು ಬೇಡ, ಆದರೆ ಹಿಂದಿನ ರಸಾಯನ ಇದೇ. ಪುಡಿ ಮಾಡುವವರು ಪಿಎಚ್ ತಿರುಗಿಸುವ ಉಪಾಯ ಬಳಸುತ್ತಾರೆ. ಪಿಎಚ್ 12ರ ಹತ್ತಿರದ ಕ್ಷಾರದಲ್ಲಿ ಕರ್ಕ್ಯುಮಿನ್ ಕಡುಗೆಂಪಾಗಿ ಕರಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆರತಿ ತಟ್ಟೆಯ ನೀರು ಕೆಂಪಾಗುವುದೂ ಇದೇ ಕಾರಣಕ್ಕೆ. ಅದಕ್ಕೆ ಸೋಡಿಯಂ ಕೇಸಿನೇಟ್ (ಕೇಸೀನ್‌ನ ನೀರಲ್ಲಿ ಕರಗುವ ರೂಪ) ಸೇರಿಸಿ, ಹುಳಿ ಹನಿಸಿ ಪಿಎಚ್ 7ಕ್ಕೆ ತಂದರೆ ಕೆಂಪು ಹೋಗಿ ಹಳದಿ ಬರುತ್ತದೆ. ಕರ್ಕ್ಯುಮಿನ್ ತಳಕ್ಕೆ ಬೀಳುವ ಬದಲು ಕೇಸೀನ್ ಒಳಗೆ ಸೇರಿಕೊಳ್ಳುತ್ತದೆ. ಆಲ್ಕೋಹಾಲ್ ಬೇಡ, ಎಣ್ಣೆ ಬೇಡ, ಹೋಮೋಜಿನೈಸರೂ ಬೇಡ. ಕ್ಷಾರದಲ್ಲಿ ಇರುವ ಹೊತ್ತು ಮಾತ್ರ ಕಡಿಮೆ ಇರಬೇಕು, ಇಲ್ಲದಿದ್ದರೆ ಕರ್ಕ್ಯುಮಿನ್ ಒಡೆಯುತ್ತದೆ. ಆಮೇಲೆ ಸ್ಪ್ರೇ ಡ್ರೈ. ಬಾದಾಮಿ ಹಾಲಿನ ಪುಡಿ, ಐಸ್‌ಕ್ರೀಮ್ ಇಂಥವಕ್ಕೆ ಹೇಳಿ ಮಾಡಿಸಿದ್ದು. ಹುಳಿ ಪಾನೀಯಕ್ಕೆ ಆಗದು. ಪಿಎಚ್ 4.6ರ ಹತ್ತಿರ ಕೇಸೀನ್ ಒಡೆದು ಮೊಸರಿನಂತಾಗುತ್ತದೆ. ನಿಂಬೆ ಶರಬತ್ತಿಗೆ ಹಾಕಿ "ತಳದಲ್ಲಿ ಗಸಿ ಬಂತು" ಅಂತ ದೂರುವವರು ತಪ್ಪು ಪುಡಿ ಕೊಂಡಿರುತ್ತಾರೆ, ಅಷ್ಟೇ.

ಮೂರು, ಜೀನ್ (zein). ಮೆಕ್ಕೆಜೋಳದ ಪ್ರೋಟೀನು. 70-80 ಪಾಲು ಇರುವ ಆಲ್ಕೋಹಾಲಿನಲ್ಲಿ ಜೀನ್, ಕರ್ಕ್ಯುಮಿನ್ ಎರಡೂ ಕರಗುತ್ತವೆ. ಅದನ್ನು ರಭಸವಾಗಿ ಕಲಕುವ ನೀರಿಗೆ ಸುರಿದರೆ ಕರ್ಕ್ಯುಮಿನ್ ಹೊತ್ತ 100-200 ನ್ಯಾನೋಮೀಟರ್ ಕಣಗಳು ಆ ಕ್ಷಣವೇ ಹುಟ್ಟುತ್ತವೆ. ಲೋಡಿಂಗ್ (ಪುಡಿಯಲ್ಲಿ ಕೂರುವ ಕರ್ಕ್ಯುಮಿನ್ ಪಾಲು) ಎಮಲ್ಷನ್‌ಗಿಂತ ಎಷ್ಟೋ ಮೇಲು, ಪೂರಾ ಸಸ್ಯಾಹಾರ. ಆದರೆ ಬರೀ ಜೀನ್ ಕಣ ಒಣಗಿದ ಮೇಲೆ ನೀರಿಗೆ ಹಾಕಿದರೆ ಬಿಡಿಸಿಕೊಳ್ಳುವುದಿಲ್ಲ, ಪಿಎಚ್ 6ರ ಆಸುಪಾಸಿನಲ್ಲಿ ಗುಂಪು ಕಟ್ಟುತ್ತದೆ. ಮೇಲೆ ಪೆಕ್ಟಿನ್‌ನದೋ ಕೇಸಿನೇಟ್‌ನದೋ ಇನ್ನೊಂದು ಅಂಗಿ ತೊಡಿಸಬೇಕು. ಆಲ್ಕೋಹಾಲು ಅಂದರೆ ಅಬಕಾರಿ ಅನುಮತಿ, ಬೆಂಕಿಯ ಭಯ. ಬಿಸಿಗಾಳಿಯ ಮಾಮೂಲಿ ಡ್ರೈಯರಿಗೆ ಆಲ್ಕೋಹಾಲ್ ಇರುವ ದ್ರವ ಬಿಡುವ ಮಾತೇ ಇಲ್ಲ. ಮೊದಲೇ ಆವಿ ಮಾಡಿ ತೆಗೆಯಬೇಕು. ಚಿಕ್ಕ ಘಟಕಕ್ಕೆ ಇಷ್ಟೆಲ್ಲ ರಗಳೆ ಯಾಕೆ ಅನಿಸುತ್ತದೆ.

ನಾಲ್ಕು, ಸೈಕ್ಲೋಡೆಕ್ಸ್‌ಟ್ರಿನ್. ಏಳು ಗ್ಲೂಕೋಸ್ ಸೇರಿ ಆದ ಉಂಗುರ ಬೀಟಾ ಸೈಕ್ಲೋಡೆಕ್ಸ್‌ಟ್ರಿನ್. ಒಳಗಡೆ ಎಣ್ಣೆಗೆ ಒಗ್ಗುವ ಟೊಳ್ಳು, ಹೊರಗೆ ನೀರಿಗೆ ಒಗ್ಗುವ ಮೈ. ಪುಡಿ ಗಟ್ಟಿ, ಅಂಟುವುದಿಲ್ಲ, ಅರಿಶಿನದ ಒಗರು ವಾಸನೆಯೂ ಮುಚ್ಚುತ್ತದೆ. ಮಿತಿ ಎರಡು. ಬೀಟಾ ರೂಪ ತಾನೇ ನೀರಲ್ಲಿ ಅಷ್ಟಾಗಿ ಕರಗುವುದಿಲ್ಲ, 100 ಮಿಲಿಲೀಟರಿಗೆ 2 ಗ್ರಾಂಗಿಂತ ಕಡಿಮೆ. ಇನ್ನೊಂದು ದಿನದ ಮಿತಿ. ಎಫ್‌ಎಒ ಮತ್ತು ಡಬ್ಲ್ಯುಎಚ್‌ಒದ ಜಂಟಿ ತಜ್ಞ ಸಮಿತಿ ಕಿಲೋ ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂವರೆಗೆ ಅಂತ ಹೇಳಿದೆ. 60 ಕಿಲೋ ತೂಕದವರಿಗೆ 300 ಮಿಲಿಗ್ರಾಂ ಆಯಿತು. ಒಂದು ಕರ್ಕ್ಯುಮಿನ್ ಅಣುವಿಗೆ ಎರಡು ಉಂಗುರ ಹಿಡಿಯುವ ಲೆಕ್ಕದಲ್ಲಿ ಅದರಲ್ಲಿ ಕೂರುವ ಕರ್ಕ್ಯುಮಿನ್ 50 ಮಿಲಿಗ್ರಾಂ ಒಳಗೆ. ಎಂಟು ಗ್ಲೂಕೋಸಿನ ಗಾಮಾ ರೂಪಕ್ಕೆ ಈ ಎರಡು ಕಷ್ಟವೂ ಇಲ್ಲ, ರೇಟು ಮಾತ್ರ ಜಾಸ್ತಿ.

ಲೈಪೋಸೋಮ್ ಒಣಗಿಸಿದರೆ ಒಡೆಯುವುದು ಜಾಸ್ತಿ, ಪುಡಿಗೆ ಒಗ್ಗದ ಸರಕು. ಚಿಟೋಸಾನ್ ಸಾಮಾನ್ಯವಾಗಿ ಸಿಗಡಿ, ಏಡಿ ಚಿಪ್ಪಿನಿಂದ ಬರುತ್ತದೆ. ಅದನ್ನು ಹಾಕಿದರೆ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಹೋಗಿ ಕಂದು ತ್ರಿಕೋನ ಬರುತ್ತದೆ, ಅಲರ್ಜಿ ಎಚ್ಚರಿಕೆ ಬೇರೆ. ಅರಿಶಿನದ ಪುಡಿಗೆ ಕಂದು ತ್ರಿಕೋನ ಹಾಕಿ ನಮ್ಮೂರಲ್ಲಿ ಮಾರಿ ನೋಡಿ, ಗೊತ್ತಾಗುತ್ತೆ.

ಮೈಗೆ ಹತ್ತುವ ಮಾತು

ನ್ಯಾನೋ ಮಾರುವವರ ದೊಡ್ಡ ವಾದ "ಹೀರಿಕೆ ಇಷ್ಟು ಪಟ್ಟು ಜಾಸ್ತಿ" ಅನ್ನುವುದು. ಕರ್ಕ್ಯುಮಿನ್ ಬಾಯಿಂದ ತಿಂದರೆ ರಕ್ತಕ್ಕೆ ಸೇರುವುದು ನಿಜಕ್ಕೂ ಅತ್ಯಲ್ಪ. ಈ ವಿಷಯದಲ್ಲಿ ಜಗತ್ತೆಲ್ಲ ಉಲ್ಲೇಖಿಸುವ ಅಧ್ಯಯನ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನದು, 1998ರದ್ದು. 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಮನುಷ್ಯರಲ್ಲಿ ಹೀರಿಕೆ ನೂರಕ್ಕೆ 2000 ಪಾಲು ಹೆಚ್ಚಿತು ಅಂತ ಅವರು ತೋರಿಸಿದರು. ಸಂಖ್ಯೆ ಕಣ್ಣು ಕುಕ್ಕುತ್ತದೆ. ಆದರೆ ಬರೀ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಕಂಡದ್ದು ಇಲ್ಲವೆನ್ನುವಷ್ಟು ಕಡಿಮೆ. ಅಷ್ಟು ಕಡಿಮೆಯದಕ್ಕೆ ಇಪ್ಪತ್ತು ಪಟ್ಟು ಸೇರಿದರೂ ಚಿಕ್ಕದೇ. "ಇಷ್ಟು ಪಟ್ಟು" ಅಂದಾಗಲೆಲ್ಲ ಯಾವುದಕ್ಕಿಂತ ಅಂತ ಕೇಳುವುದು ಅಭ್ಯಾಸವಾಗಲಿ.

ಇನ್ನೊಂದು ಮಗ್ಗುಲೂ ಇದೆ. ಇಟಲಿಯಲ್ಲಿ 2019ರಲ್ಲಿ ಅರಿಶಿನದ ಸಪ್ಲಿಮೆಂಟ್ ತೆಗೆದುಕೊಂಡವರಲ್ಲಿ ಯಕೃತ್ತಿನ ಉರಿಯೂತದ ಪ್ರಕರಣಗಳು ಸಾಲಾಗಿ ವರದಿಯಾದವು. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ ಇದು. ಒತ್ತಾಯದಿಂದ ಹೀರಿಕೆ ಹೆಚ್ಚಿಸಿದ ಸರಕನ್ನು ತಿನಿಸು ಅಂತ ಮಾರುವಾಗ ಡೋಸಿನ ಜವಾಬ್ದಾರಿಯೂ ಬರುತ್ತದೆ. ಬಣ್ಣವಾಗಿ ಬಳಸುವ ಕರ್ಕ್ಯುಮಿನ್‌ಗೆ ದಿನದ ಮಿತಿ ಕಿಲೋ ತೂಕಕ್ಕೆ 3 ಮಿಲಿಗ್ರಾಂ. ಪೈಪರಿನ್ ಬೇರೆ ಮಾತ್ರೆಗಳ ಹೀರಿಕೆಯನ್ನೂ ಬದಲಿಸುತ್ತದೆ, ಬಿಪಿ, ಶುಗರ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಅಂಥದ್ದಕ್ಕೆ ಕೈ ಹಾಕಬಾರದು.

ವರದಿ ಓದುವಾಗ

"ಎನ್‌ಕ್ಯಾಪ್ಸುಲೇಶನ್ ಎಫಿಶಿಯೆನ್ಸಿ 95%" ಅನ್ನುವುದನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ. ಅದರ ಅರ್ಥ ನೀವು ಹಾಕಿದ್ದರಲ್ಲಿ 95 ಪಾಲು ಹೊದಿಕೆಯ ಒಳಗೆ ಹೋಯಿತು ಅಂತ ಮಾತ್ರ. ಹಾಕಿದ್ದು ಎಷ್ಟು? ಅದು ಲೋಡಿಂಗ್. 100 ಗ್ರಾಂ ಪುಡಿಗೆ ಒಂದೇ ಗ್ರಾಂ ಹಾಕಿ 95 ಪಾಲು ಒಳಗೆ ಕೂರಿಸಿದರೆ ಏನು ಸಾಧನೆ? ಎರಡೂ ಸಂಖ್ಯೆ ಜೊತೆಗೆ ಕೊಟ್ಟರೆ ಮಾತ್ರ ಹೋಲಿಸಬಹುದು.

ಆಮೇಲೆ ನೀರಿನ ಚಟುವಟಿಕೆ (ವಾಟರ್ ಆಕ್ಟಿವಿಟಿ, ಪುಡಿಯಲ್ಲಿ ಬಿಡಿಯಾಗಿರುವ ನೀರಿನ ಅಳತೆ). ಇದು 0.3ರ ಕೆಳಗಿರಲಿ, ತೇವ ನೂರಕ್ಕೆ 5ರೊಳಗೆ. ಪುನರ್ಪುಳಿಗೆ ಬಣ್ಣ ಅಳೆಯುವ ಸಿದ್ಧ ವಿಧಾನ ಇದೆ: ಪಿಎಚ್ 1 ಮತ್ತು 4.5ರಲ್ಲಿ ಹೀರುವ ಬೆಳಕಿನ ವ್ಯತ್ಯಾಸ ನೋಡುವುದು. ಹಲವು ಫುಡ್ ಲ್ಯಾಬುಗಳಲ್ಲಿ ಮಾಡಿಕೊಡುತ್ತಾರೆ. ಮೊದಲ ದಿನದ ಅಂಕಿ ನೋಡಿ ಖುಷಿಪಡಬೇಡಿ. 40 ಡಿಗ್ರಿ ಬಿಸಿ, 75 ಪಾಲು ತೇವದ ಗಾಳಿಯಲ್ಲಿ ಕೆಲವು ವಾರ ಇಟ್ಟು ಮತ್ತೆ ಅಳೆಸಿ.

ಮನೆಯಲ್ಲೇ ಆಗುವ ಪರೀಕ್ಷೆಯೂ ಇದೆ. ಒಂದು ಚಮಚ ಕರ್ಕ್ಯುಮಿನ್ ಪುಡಿಯನ್ನು ಒಂದು ಲೋಟ ತಣ್ಣೀರಿಗೆ ಹಾಕಿ ಸುಮ್ನೆ ಬಿಡಿ. ಮಾರನೆಯ ದಿನ ತಳದಲ್ಲಿ ಹಳದಿ ಗಸಿ, ಮೇಲೆ ಉಂಗುರದಂತೆ ಎಣ್ಣೆ ಪಸೆ ಇದ್ದರೆ ಒಣಗಿಸುವಾಗಲೇ ಹನಿಗಳು ಒಡೆದಿವೆ. ಇನ್ನೊಂದು ಲೋಟಕ್ಕೆ ನಿಂಬೆರಸ ಹಿಂಡಿ ನೋಡಿ. ಒಡೆದರೆ ಹೊದಿಕೆ ಹಾಲಿನ ಪ್ರೋಟೀನ್ ಇರಬೇಕು, ಲೇಬಲ್ಲಿನಲ್ಲಿ ಅದು ಬರೆದಿದೆಯಾ ಅಂತಲೂ ನೋಡಿ.

ಕಾನೂನು, ಜಾಬ್ ವರ್ಕ್

ಮಾಲ್ಟೋಡೆಕ್ಸ್‌ಟ್ರಿನ್, ಗೋಂದು ಹಾಕಿ ಮಾಡಿದ ಸಾಮಾನ್ಯ ಪುಡಿಗೆ ಮಾಮೂಲಿ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ದಾರಿಯೇ ಸಾಕು, ಯಾವ ತಿನಿಸಿಗೆ ಯಾವ ಸೇರ್ಪಡೆ ಎಷ್ಟು ಅನ್ನುವ ಪಟ್ಟಿ ನೋಡಿಕೊಳ್ಳಬೇಕು. ನ್ಯಾನೋ ಅಂತ ಹೇಳಿಕೊಂಡು ಹೊರಟರೆ ಕಥೆ ಬೇರೆ. ನ್ಯಾನೋ ಆಧಾರಿತ ಕೃಷಿ ಒಳಸುರಿ ಮತ್ತು ಆಹಾರ ಸರಕುಗಳನ್ನು ಹೇಗೆ ಪರೀಕ್ಷಿಸಬೇಕು ಅಂತ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿ ತಂದಿದೆ. ಕಣದ ಗಾತ್ರದಿಂದ ಹಿಡಿದು ವಿಷ ಪರೀಕ್ಷೆಯವರೆಗೆ ದಾಖಲೆ ಕೇಳುತ್ತಾರೆ. ಯುರೋಪಿಗೆ ಕಳಿಸುವವರು 100 ನ್ಯಾನೋಮೀಟರ್ ಗಡಿಯೊಳಗೆ ಬಂದರೆ ಪದಾರ್ಥದ ಹೆಸರಿನ ಪಕ್ಕದಲ್ಲೇ ನ್ಯಾನೋ ಅಂತ ನಮೂದಿಸಬೇಕಾಗುತ್ತದೆ. ಹಾಗಾಗಿ ಬರೀ ಮಾರ್ಕೆಟಿಂಗ್‌ಗೋಸ್ಕರ ಆ ಹೆಸರು ಹಾಕುವುದು ಇಲ್ಲದ ತಲೆನೋವನ್ನು ಕರೆದು ಕೂರಿಸಿಕೊಂಡಂತೆ.

ಮಷೀನಿನ ಪ್ರಶ್ನೆಗೆ ಈಗ ಬರೋಣ. ಮೊದಲ ವರ್ಷ ಕೊಳ್ಳಬೇಡಿ, ಜಾಬ್ ವರ್ಕ್ ಮಾಡಿಸಿ. ಸ್ಪ್ರೇ ಡ್ರೈಯಿಂಗ್ ಮಾಡಿಕೊಡುವ ಘಟಕಕ್ಕೆ ಹೋದಾಗ ಕೇಳಬೇಕಾದ್ದು: ಕನಿಷ್ಠ ಬ್ಯಾಚು ಎಷ್ಟು ಲೀಟರ್? ಹಿಂದಿನ ಬ್ಯಾಚು ಏನು ಒಣಗಿಸಿದ್ದು, ಹಾಲಿನ ಪುಡಿಯಾ, ಮೊಟ್ಟೆ ಪುಡಿಯಾ, ತೊಳೆದ ದಾಖಲೆ ಇದೆಯಾ? ಪುಡಿ ಹಿಡಿಯುವ ಕೋಣೆಯಲ್ಲಿ ಡೀಹ್ಯುಮಿಡಿಫೈಯರ್ ಇದೆಯಾ? ಗೋಡೆಗೆ ಅಂಟಿದ ಮಾಲಿನ ನಷ್ಟ ಯಾರ ಲೆಕ್ಕಕ್ಕೆ? ಈ ಕೊನೆಯದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಜಗಳ ಬರುವುದು ಅಲ್ಲೇ. ಪುನರ್ಪುಳಿ ಸೀಸನ್ ಬೇಸಿಗೆಯ ಕೊನೆಯಲ್ಲಿ, ಮಳೆ ಹಿಡಿಯುವ ಹೊತ್ತಿಗೆ ಮುಗಿಯುತ್ತದೆ. ಹಾಗಾಗಿ ಡ್ರೈಯರಿನ ದಿನವನ್ನು ಏಪ್ರಿಲ್‌ಗೆ ಮುಂಚೆಯೇ ಬುಕ್ ಮಾಡಿಡಿ. ಪುಡಿ ಬಂದ ತಕ್ಷಣ, ಅಲ್ಲೇ ಅದೇ ಕೋಣೆಯಲ್ಲಿ, ಅಲ್ಯೂಮಿನಿಯಂ ಪದರದ ಪೌಚಿನಲ್ಲಿ ಸೀಲ್ ಮಾಡಿಸಿ. ಪ್ಲಾಸ್ಟಿಕ್ ಡಬ್ಬದಲ್ಲಿ ತುಂಬಿಕೊಂಡು ಊರಿಗೆ ಹೋಗಿ ನಿಧಾನಕ್ಕೆ ಪ್ಯಾಕ್ ಮಾಡ್ತೀವಿ ಅಂದರೆ, ಘಾಟಿ ಇಳಿಯುವಷ್ಟರಲ್ಲಿ ಗಂಟು ಕಟ್ಟಲು ಶುರುವಾಗಿರುತ್ತದೆ.